ಬಟ್ಟಿ ಕೂತ ಮೇಲಿನ ಊಟ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಹರಳೆಣ್ಣೆ ಕಾಯಿಸಿದ ವಾಸನೆ ಬಂತು. ಯಾರದೋ ಬಟ್ಟಿ ಸರಿದಿರಬೇಕು. ನಮ್ಮ ಹೊಸಪೇಟೆ, ಕಂಪ್ಲಿ ಕಡೆ ಹೊಟ್ಟೆನೋವಿಗೆ ಇರುವುದು ಅದೊಂದೇ ಕಾರಣ. ಬಟ್ಟಿಯೆಂದರೆ ಹೊಕ್ಕುಳು, ಅದು ಜಾಗ ಬಿಟ್ಟು ಸರಿಯುತ್ತದೆಯಂತೆ. ಎಣ್ಣೆ ಹಚ್ಚಿ ತಿಕ್ಕಿ, ಹೊಟ್ಟೆಯ ಮೇಲೆ ದೀಪವಿಟ್ಟು ಚೆಂಬು ಕವುಚಿ ಅದನ್ನು ಮರಳಿ ಕೂರಿಸಬೇಕು. ಕೂತದ್ದು ಜಾರದಂತೆ ಕೂಡಲೇ ಹೊಟ್ಟೆ ತುಂಬ ಉಣಿಸಬೇಕು. ಹೊಕ್ಕುಳಿಗೆ ಕಾಲಿವೆಯೇ ಎಂದು ಕೇಳಿ ನಾನು ಎಷ್ಟೋ ಮನೆಗಳಲ್ಲಿ ಬೈಸಿಕೊಂಡಿದ್ದೇನೆ. ಚರ್ಚಾಕೂಟದಲ್ಲಿ ಗೆದ್ದ ಬಾಯಿ ಅಡುಗೆಮನೆಯಲ್ಲಿ ಗೆಲ್ಲುವುದಿಲ್ಲ, ನಿಮಗೂ ಗೊತ್ತಿರುತ್ತದೆ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಕಂಪ್ಲಿಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ನಮ್ಮ ದೊಡ್ಡಪ್ಪ ಮದುವೆಯೊಂದರಲ್ಲಿ ಉಂಡು ಬಂದವರು ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿಬಿಟ್ಟರು. ನೋವು ಬೆನ್ನಿಗೆ ತೂರುತ್ತಿತ್ತು, ವಾಂತಿ ನಿಲ್ಲಲೊಲ್ಲದು. ಬಟ್ಟಿ ನೋಡುವ ಮುದುಕಿ ಬಂದಳು. ಆಸ್ಪತ್ರೆಗೆ ಹೋಗೋಣವೆಂದು ನಾನು ಕಾರಣದ ಮೇಲೆ ಕಾರಣ ಒಡ್ಡುತ್ತಿದ್ದೆ.

“ಲೇ, ನಿನ್ನ ಭಾಷಣ ಮುಗಿಯೂತನಕ ನಾ ಇರಬೇಕಲ್ಲ,” ಎಂದರು ದೊಡ್ಡಪ್ಪ, ವಾಂತಿಯ ನಡುವೆ.

“ಕುಂತತಿ ನೋಡ್ರಿ. ಈಗ ಉಣಸ್ರಿ,” ಎಂದಳು ಮುದುಕಿ.

ದೊಡ್ಡವ್ವ ಅನ್ನಕ್ಕೆ ತುಪ್ಪ ಕಲಸಿ, ಅವರು ಬೇಡವೆಂದರೂ ಬಿಡದೆ, ತುತ್ತು ಮಾಡಿ ಬಾಯಿಗಿಟ್ಟಳು. ಮರುದಿನ, ಪೆಟ್ರೋಲು ಸಿಗದ ಆ ದಿನಗಳ ಇದ್ದಿಲ ಬಸ್ಸಿನಲ್ಲಿ ಹೊಸಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಕಣ್ಣು ಗುಳಿಬಿದ್ದಿದ್ದವು.

ಪಕ್ಕದ ಮಂಚದಲ್ಲಿ ಸಂಡೂರಿನ ಗಣಿಯ ಕೂಲಿಯೊಬ್ಬನಿದ್ದ. ಅದೇ ನೋವು. ಹೆಂಡ ಕುಡಿಯುವವನು, ತನ್ನವರೆನ್ನುವವರಿಲ್ಲ. ನೋವು ಹತ್ತಿದ ದಿನವೇ ಯಾರೋ ಲಾರಿಯಲ್ಲಿ ತಂದು ಬಿಟ್ಟುಹೋಗಿದ್ದರು. ಡಾಕ್ಟರು ಇಬ್ಬರಿಗೂ ಒಂದೇ ಮಾತು ಹೇಳಿದರು: ಜಠರದ ಹಿಂದಿನ ಗ್ರಂಥಿಯೊಂದು ತನ್ನ ರಸದಿಂದ ತನ್ನನ್ನೇ ಜೀರ್ಣಿಸಿಕೊಳ್ಳುತ್ತಿದೆ, ಬಾಯಿಗೆ ಏನೂ ಕೊಡಕೂಡದು. ಇಬ್ಬರಿಗೂ ನರಕ್ಕೆ ಅದೇ ಉಪ್ಪುನೀರು, ಅದೇ ಸೂಜಿ. ಕೂಲಿ ಎದ್ದು ಕೂತ. ದೊಡ್ಡಪ್ಪನಿಗೆ ಮೂತ್ರ ಕಟ್ಟಿತು, ಮೇಲುಸಿರು ಬಂತು, ಹೋದರು.

ನಾನು ಡಾಕ್ಟರನ್ನು ಅಡ್ಡಗಟ್ಟಿದೆ. ಕುಡಿಯುವವನು ಉಳಿದು ಕುಡಿಯದವರು ಸತ್ತದ್ದು ಯಾವ ನ್ಯಾಯ?

“ನ್ಯಾಯ ನನ್ನ ಕಡೆ ಇಲ್ಲರಿ. ಅವ ಜಲ್ದಿ ಬಂದ, ವಯಸ್ಸು ಸಣ್ಣದು. ನಿಮ್ಮವರ ಪಿತ್ತಕೋಶದಾಗ ಕಲ್ಲು ಇತ್ತೇನೋ, ತಗದು ನೋಡಿದವರು ಯಾರು?”

“ಮತ್ತ ಆ ಊಟ?”

“ನೋವು ಹೆಚ್ಚು ಮಾಡಿರಬಹುದು. ಅದರಿಂದನ ಹೋದ್ರು ಅಂತ ಹೇಳಾಕ ಬರಂಗಿಲ್ಲ.”

ಒಂದೇ ಒಂದು ಕಾರಣ ಸಿಕ್ಕಿದ್ದರೆ ಅದರೊಂದಿಗೆ ಜಗಳವಾಡಿ ಹಗುರಾಗುತ್ತಿದ್ದೆ. ದೇವರ ಇಚ್ಛೆ ಎಂದವರನ್ನು, ಕೂಲಿಯ ಆಯಸ್ಸು ಗಟ್ಟಿ ಎಂದವರನ್ನು ವಾದದಲ್ಲಿ ಕೆಡವಿದೆ. ಅವರ ಮಾತು ಕಿತ್ತ ಜಾಗದಲ್ಲಿ ಇಡಲು ನನ್ನ ಬಳಿ ಏನೂ ಇರಲಿಲ್ಲ.

ದೊಡ್ಡವ್ವ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಇವತ್ತು ಮಧ್ಯಾಹ್ನ ನನಗೆ ಬಡಿಸುತ್ತಿದ್ದವಳು, ಇಷ್ಟು ವರ್ಷ ಕೇಳದ್ದನ್ನು ಕೇಳಿದಳು.

“ನಾ ಉಣಿಸಿದ್ದಕ್ಕ ಹೋದ್ರೇನಪ? ಖರೇ ಹೇಳು.”

“ಡಾಕ್ಟರಿಗೂ ಗೊತ್ತಿಲ್ಲ ದೊಡ್ಡವ್ವ. ನನಗೂ ಗೊತ್ತಿಲ್ಲ.”

“ಅಲ್ಲ ಅನ್ನಾಕ ಬರಂಗಿಲ್ಲೇನು ನಿನಗ?”

“ಅಲ್ಲ,” ಎಂದೆ. ಆಧಾರವಿಲ್ಲದೆ ನಾನು ಆಡಿದ ಮೊದಲ ಮಾತು ಅದು.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಅನ್ನದ ಸೌಟು ಕೈಯಲ್ಲೇ ಇತ್ತು. ಜನ್ಮದಲ್ಲಿ ಯಾರನ್ನೂ ಕೇಳಿ ಬಡಿಸಿದವಳಲ್ಲ ದೊಡ್ಡವ್ವ.

“ಇನ್ನೊಂದೀಟು ಹಾಕ್ಲೇನು?” ಎಂದಳು.

ಹಸಿವಿರಲಿಲ್ಲ. ಹಾಕು ಎಂದೆ.