ಅಪ್ಪನ ದನಿಗೆ ಐದಕ್ಕೆ ಎಷ್ಟು

ಯಂತ್ರ ಹುಟ್ಟಿಸಿದ ದನಿಗೆ ಅಂಕ ಹಾಕುವುದು ನನ್ನ ಕೆಲಸ. ಬಳ್ಳಾರಿಯ ಗಾಂಧಿನಗರದ ಮನೆಯಲ್ಲೇ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು, ಇದು ಮನುಷ್ಯರ ಮಾತಿನ ಹಾಗಿದೆಯೇ ಎಂದು ಕೇಳಿ ಐದಕ್ಕೆ ಇಷ್ಟು ಎಂದು ಕೊಡುತ್ತೇನೆ. ಊರವರ ದನಿಯಲ್ಲಿ ತಪ್ಪು ಹುಡುಕುವಾಗ ಇಲ್ಲದ ಪುಕಪುಕ, ಅಪ್ಪನ ದನಿ ಪರೀಕ್ಷೆಗೆ ಬಂದಾಗ ಶುರುವಾಯಿತು.

ಗಂಟಲ ಆಪರೇಷನ್ನಿನಲ್ಲಿ ಅಪ್ಪನ ದನಿಪೆಟ್ಟಿಗೆ ಹೋಗಿತ್ತು. ನನ್ನ ತಂಗಿಯ ಮದುವೆ ಹತ್ತಿರ ಬಂತು. ನಮ್ಮಲ್ಲಿ ಅಣ್ಣತಮ್ಮಂದಿರು ಮನೆಗೇ ಹೋಗಿ ಬಾಯಿತುಂಬ ಕರೆಯದಿದ್ದರೆ ಕೊಟ್ಟ ಹೆಣ್ಣುಮಕ್ಕಳು ಹೊಸ್ತಿಲು ದಾಟುವುದಿಲ್ಲ. ಬರೀ ಕಾರ್ಡು ಕೊಟ್ಟರೆ ಅದು ಕರೆದಂತಲ್ಲ. ಕುರುಗೋಡಿನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಇದರಲ್ಲಿ ಬಲು ಬಿಗಿ. ಅವಳು ಬಾರದಿದ್ದರೆ ತಂಗಿಗೆ ಮೊದಲ ಅರಿಸಿನ ಹಚ್ಚುವವರು ಯಾರು?

ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದಾಗ ವಾಟ್ಸಾಪಿನಲ್ಲಿ ಕಳಿಸಿದ್ದ ಮಾತುಗಳನ್ನೆಲ್ಲ ಕೂಡಿಹಾಕಿದೆ. ಗದ್ದಲ, ಕೆಮ್ಮು, ಕೂಗಾಟ ತೆಗೆದು ಸ್ವಚ್ಛವಾದದ್ದನ್ನಷ್ಟೇ ಯಂತ್ರಕ್ಕೆ ಕಲಿಸಿದೆ. ಅಪ್ಪ ಫೋನಿನಲ್ಲಿ ಟೈಪು ಮಾಡಿದರೆ ಅವನ ದನಿಯೇ ಹೊರಡುತ್ತಿತ್ತು. ನಿಜದ್ದನ್ನೂ ಯಂತ್ರದ್ದನ್ನೂ ಬೆರೆಸಿ ನೆಂಟರಿಗೆ ಕೇಳಿಸಿದೆ. ಯಾವುದು ಯಾವುದೆಂದು ಒಬ್ಬರಿಗೂ ತಿಳಿಯಲಿಲ್ಲ. ಐದಕ್ಕೆ ಐದೇ ಬಿತ್ತು. ನನಗೆ ಮಾತ್ರ ಅನ್ನ ಸೇರಲಿಲ್ಲ. ಇವರೆಲ್ಲ ಮುಖ ನೋಡಿ ಮಣೆ ಹಾಕಿದ್ದಾರೆ ಅನ್ನಿಸುತ್ತಲೇ ಇತ್ತು.

ಕುರುಗೋಡಿನ ಬಸ್ಸಿನಲ್ಲಿ ಫೋನಿನ ಚಾರ್ಜು ನೋಡಿ ನೋಡಿ ಸಾಕಾಯಿತು. ಅಪ್ಪ ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

ಅತ್ತೆಯ ಪಡಸಾಲೆಯಲ್ಲಿ ಅಪ್ಪ ಗುಂಡಿ ಒತ್ತಿದ. “ಅಕ್ಕಾ, ಮಗಳ ಮದುವಿ ಐತಿ. ಎಲ್ಲಾರೂ ಬರ್ರಿ,” ಎಂದಿತು ಫೋನು. ಒಂದೂ ತಡವರಿಕೆಯಿಲ್ಲ. ನಾನು ಕುಂಕುಮದ ಬಟ್ಟಲು ಹಿಡಿದು ಮುಂದೆ ಹೋದೆ. ಅತ್ತೆ ಮುಖ ತಿರುಗಿಸಿದಳು.

“ದನಿ ಇವಂದ ಐತಿ,” ಎಂದಳು ನನಗೆ. “ಆದ್ರ ಇವ ನನ್ನ ಕೂಡ ಯಾವತ್ತ ಹಿಂಗ ಮೆತ್ತಗ ಮಾತಾಡ್ಯಾನ? ಊರ ಮಂದೀನ ಕರದಂಗಾತು. ನಾ ಬರಂಗಿಲ್ಲ.”

ಕೂಗಾಟವೆಂದು ನಾನು ಕತ್ತರಿಸಿ ಎಸೆದದ್ದೆಲ್ಲ ಅಪ್ಪನ ಬೈಗುಳ. ಅಕ್ಕನ ಜೊತೆ ಅವನು ಮಾತಾಡುತ್ತಿದ್ದುದೇ ಹಾಗೆ, ಅದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅಂಕ ಹಾಕಿಸಿದ್ದೆ.

ಅಪ್ಪನಿಗೆ ರೇಗಿತು. ಫೋನನ್ನು ನನ್ನ ಕಡೆ ಎಸೆದು, ಅಕ್ಕನ ಎದುರು ನಿಂತು, ಕೈ ಎತ್ತಿ, ಬಾಯಿ ಅಗಲಿಸಿ ಬೈದ. ಕೊರಳ ತೂತಿನಿಂದ ಉಸಿರು ಬುಸುಗುಟ್ಟಿತೇ ಹೊರತು ಏನೂ ಕೇಳಿಸಲಿಲ್ಲ. ಅತ್ತೆ ಅವನ ತುಟಿಯನ್ನೇ ನೋಡುತ್ತ ಪೂರ್ತಿ ಬೈಸಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ಹಣೆ ಚಾಚಿದಳು.

“ಹಚ್ಚವ್ವ ಕುಂಕುಮ. ನನ್ನ ತಮ್ಮ ಕರದ.”