ವನಗೂರಿನ ದ್ಯಾವಪ್ಪನ ಮಾಟ

ಮೊನ್ನೆ ಹಾನುಬಾಳಿನ ಬಸ್ಸಿನಲ್ಲಿ ಮಗಳು ಮೊಬೈಲು ನೋಡುತ್ತ ಒಂದು ಕಥೆ ಹೇಳಿದಳು. ಐಸ್‌ಲ್ಯಾಂಡಿನಲ್ಲಿ ಹಿಂದೆ ಒಬ್ಬ ಮಾಂತ್ರಿಕನಿದ್ದನಂತೆ. ಬಟ್ಟೆ ಒದ್ದೆಯಾಗದಂತೆ ಸಮುದ್ರ ದಾಟಿಸಿದರೆ ನಾನು ನಿನ್ನವನು ಎಂದು ಸೈತಾನನಿಗೆ ಮಾತು ಕೊಟ್ಟು, ಅವನ ಬೆನ್ನೇರಿ ಹೊರಟನಂತೆ. ದಡ ಹತ್ತಿರವಾದಾಗ ಸೈತಾನನ ತಲೆಗೊಂದು ಬಿಗಿದು, ನೀರಿಗೆ ಬಿದ್ದು, ಒದ್ದೆ ಬಟ್ಟೆಯಲ್ಲೇ ಈಜಿ ಪಾರಾದನಂತೆ. ನನಗೆ ಥಟ್ಟನೆ ವನಗೂರಿನ ಮಾಟಗಾರ ದ್ಯಾವಪ್ಪ ನೆನಪಾದ.

ಅವನು ದೆವ್ವವನ್ನು ಕಟ್ಟಿಹಾಕಿ ಅದರ ಕೈಲಿ ಏಲಕ್ಕಿ ಬಿಡಿಸುತ್ತಾನೆಂದು ನಮ್ಮ ಕಡೆ ಪ್ರತೀತಿ. ಸಕಲೇಶಪುರದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಹುಡುಗಿ ನಾನು; ಇದೆಲ್ಲ ಮೂಢನಂಬಿಕೆ ಎಂದು ಮನೆಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಅವನ ಮನೆ ಮುಂದೆ ಹಾಯುವಾಗ ಮಾತ್ರ, ನೋಡಿ, ನನ್ನ ನೆರಳು ಅವನ ಅಂಗಳಕ್ಕೆ ಬೀಳದ ಹಾಗೆ ನಡೆಯುತ್ತಿದ್ದೆ.

ಆ ವರ್ಷ ಕಾಫಿ ಹೂವರಳಲು ತೋಟಕ್ಕೆ ನೀರು ಹಾಯಿಸುವ ಸಮಯದಲ್ಲಿ ಹಳ್ಳದ ನೀರನ್ನು ಮೊದಲು ಯಾರು ಪಂಪು ಹಚ್ಚಿ ಎತ್ತಬೇಕೆಂದು ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳವಾಗಿ ಮಾತು ನಿಂತುಹೋಗಿತ್ತು. ಅಪ್ಪ ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ದ್ಯಾವಪ್ಪನ ಬಳಿಗೆ ಹೋದರು. ತಮ್ಮನ ಪಂಪು ಕೆಟ್ಟು ಕೂರಬೇಕು, ಅಷ್ಟೇ ಅವರ ಬೇಡಿಕೆ.

ದ್ಯಾವಪ್ಪ ಕಣ್ಣು ಮುಚ್ಚಿ ಹೇಳಿದ: "ಆಯ್ತದೆ ಗೌಡ್ರೆ. ಆದ್ರೆ ಅವ್ರ ಮನೆ ಉಪ್ಪು ನಿಮ್ಮ ಹೊಟ್ಟೇಲಿರ್ಬೇಕು. ಹೋಗಿ ಒಂದೂಟ ಮಾಡ್ಕೊಂಡ್ ಬನ್ನಿ. ಉಣ್ಣೋವಾಗ ಒಂದು ಕೆಟ್ಟ ಮಾತು ಬಂದ್ರೂ ಮಂತ್ರ ತಿರುಗಿ ನಿಮ್ ಪಂಪಿಗೇ ಬೀಳ್ತದೆ."

ಮರುದಿನ ಅಪ್ಪ ಮುಖ ಸಡಿಲಿಸಿಕೊಂಡು ಚಿಕ್ಕಪ್ಪನ ಮನೆಗೆ ಹೊರಟರು, ಹಿಂದೆ ನಾನು. ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದರು. ಯಾಕೆ ಬಂದೆ ಎನ್ನದೆ ತಾವೇ ಎಲೆ ಹಾಕಿ ಕಡುಬು ಬಡಿಸಿದರು. ಅಪ್ಪ ಸಾರನ್ನು ಹೊಗಳಿದರು. ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ.

"ನೀವೂ ವನಗೂರಿಗೆ ಹೋಗಿದ್ರಾ ಭಾವ?" ಎಂದು ಕೇಳಿಯೇಬಿಟ್ಟರು.

ಅಣ್ಣತಮ್ಮಂದಿರು ತಲೆ ತಗ್ಗಿಸಿದರು. ಇಬ್ಬರಲ್ಲಿ ಮೊದಲು ನಕ್ಕವರು ಅಪ್ಪ. ಕೈ ತೊಳೆಯುವಷ್ಟರಲ್ಲಿ ಹಳ್ಳದ ನೀರನ್ನು ಸರದಿಯ ಮೇಲೆ ಎತ್ತುವುದೆಂದು ಮಾತಾಗಿತ್ತು. ಇಬ್ಬರ ಪಂಪೂ ಕೆಡಲಿಲ್ಲ.

ಅಪ್ಪ ಈಗಿಲ್ಲ. ಮೊನ್ನೆ ಬಸ್ಸಿಳಿದು ಚಿಕ್ಕಪ್ಪನ ಜಗಲಿಯಲ್ಲಿ ಕೂತಾಗ, ಇಬ್ಬರೂ ಒಬ್ಬರ ಪಂಪು ಒಬ್ಬರು ಕೆಡಿಸಲು ಹೋಗಿ ದ್ಯಾವಪ್ಪನ ಕೈಲಿ ಚೆನ್ನಾಗಿ ಮೋಸಹೋದಿರಿ ಎಂದು ಛೇಡಿಸಿದೆ. 

"ಪಂಪು ಕೆಡ್ಸು ಅಂತ ನಾನು ಕೇಳಿರ್ಲಿಲ್ಲ ಕಣಮ್ಮ," ಎಂದರು ಚಿಕ್ಕಪ್ಪ. "ಅಣ್ಣ ಒಂದ್ಸಲ ಮನೆಗೆ ಬರೋ ಹಂಗೆ ಮಾಡು ಅಂದಿದ್ದೆ. ಬಂದ್ನಲ್ಲ."