ಗಂಟಲು ಕಾಯುವ ಬಿಸಪ್ಪ

ಆಂಟಿಯ ದಪ್ಪ ಕತ್ತಿನಲ್ಲಿ ಒಂದು ಮಡಿಕೆಯಿತ್ತು. ಸರದ ಪುಟ್ಟ ಚಿನ್ನದ ಶಿಲುಬೆ ಸದಾ ಅದರೊಳಗೆ ಹೂತುಕೊಂಡಿರುತ್ತಿತ್ತು. ತಲೆ ಹಿಂದಕ್ಕೆ ಹಾಕಿ ನಕ್ಕರೆ ಮಾತ್ರ ಹೊರಗೆ ಬರುತ್ತಿತ್ತು. ಆಂಟಿ ನಗುತ್ತಲೇ ಇರುತ್ತಿದ್ದರಿಂದ ನಮಗೆ ಅದರ ದರ್ಶನಕ್ಕೇನೂ ಬರವಿರಲಿಲ್ಲ.

ಬಿಳೇಕಹಳ್ಳಿಯಲ್ಲಿ ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಅಪ್ಪ ಮನೆ ಕಟ್ಟಿಸಿದ್ದರು. ಅದರ ಮಹಡಿಗೆ ಆಂಟಿ ಬಾಡಿಗೆಗೆ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಯಾರ ಮನೆಯ ಮೀನಿನ ಸಾರನ್ನೂ ಅವರು "ಹುಳಿ ಕಮ್ಮಿ ಆಯ್ತು" ಎನ್ನದೆ ತಿಂದವರಲ್ಲ.

ಒಂದು ಭಾನುವಾರ ಅವರೇ ಕಳಿಸಿದ ಸಾರಿನ ಮೀನಿನ ಮುಳ್ಳು ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ಅಜ್ಜಿಯ ಕೂಗಿಗೆ ಆಂಟಿ ಮೆಟ್ಟಿಲಿಳಿದು ಓಡಿ ಬಂದರು. ಒಂದು ಕೈಯಲ್ಲಿ ಅನ್ನದ ಉಂಡೆ, ಇನ್ನೊಂದರಲ್ಲಿ ಕೆಂಪು ರಿಬ್ಬನ್ನಿನಿಂದ ಕತ್ತರಿಯ ಹಾಗೆ ಕಟ್ಟಿದ ಎರಡು ಮೇಣದ ಬತ್ತಿ. ಬತ್ತಿಗಳ ಸಂದಿಗೆ ನನ್ನ ಕತ್ತು ಸೇರಿಸಿ ಏನೋ ಪ್ರಾರ್ಥನೆ ಗೊಣಗಿದರು. ಆಮೇಲೆ ಉಂಡೆಯನ್ನು ಅಗಿಯದೆ ನುಂಗಿಸಿದರು. ಮುಳ್ಳು ಇಳಿಯಿತು.

"ಯಾವ ದೇವ್ರಮ್ಮ ಇದು?" ಅಜ್ಜಿ ಕೇಳಿದಳು.

"ದೇವ್ರಲ್ಲ ಅಜ್ಜಿ, ಬಿಷಪ್. ನಮ್ಮ ಧರ್ಮದ ದೊಡ್ಡ ಗುರುಗಳು ಅನ್ಕೊಳ್ಳಿ. ಬ್ಲೇಸ್ ಅಂತ, ತುಂಬಾ ಹಿಂದಿನೋರು. ಗಂಟಲಿಗೆ ಏನೇ ಆದ್ರೂ ಇವತ್ತಿಗೂ ಲೋಕವೆಲ್ಲಾ ಅವರನ್ನೇ ಕರೆಯೋದು."

ಅಜ್ಜಿಯ ಕಿವಿಗೆ ಬಿದ್ದದ್ದು ಬಿಸಪ್ಪ. ಮುನಿಯಪ್ಪ, ಬಸಪ್ಪಂದಿರ ಊರಿನವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರು ಕೆಮ್ಮಿದರೂ "ಬಿಸಪ್ಪಾ, ಗಂಟ್ಲು ಕಾಯಪ್ಪಾ" ಎನ್ನುತ್ತಿದ್ದಳು. ತಿದ್ದಬೇಕಾದ ಆಂಟಿ ನಕ್ಕು ನಕ್ಕು ಶಿಲುಬೆ ಹೊರಗೆ ಹಾಕಿಕೊಂಡು, ತಾವೂ ಬಿಸಪ್ಪ ಎನ್ನತೊಡಗಿದರು. ಪ್ರತಿ ಫೆಬ್ರವರಿ ಬಿಷಪ್ಪರ ಹಬ್ಬಕ್ಕೆ ನಮ್ಮಿಬ್ಬರನ್ನೂ ಆಟೋ ಹತ್ತಿಸುತ್ತಿದ್ದರು. ಚರ್ಚಿನ ಸಾಲಿನಲ್ಲಿ ನಿಂತು ಗಂಟಲಿಗೆ ಬತ್ತಿ ಮುಟ್ಟಿಸಿಕೊಂಡು ಬರುತ್ತಿದ್ದೆವು. ಒಮ್ಮೆ ಅಜ್ಜಿ ತೆಂಗಿನಕಾಯಿಯನ್ನೂ ಒಯ್ದಿದ್ದಳು. ಎಲ್ಲಿ ಒಡೆಯಬೇಕೆಂದು ತಿಳಿಯದೆ ವಾಪಸ್ಸು ತಂದು ಚಟ್ನಿ ಮಾಡಿದಳು.

ದಾರಿಯಲ್ಲಿ ಆಂಟಿ ಬಿಷಪ್ಪರ ಕಥೆ ಹೇಳುತ್ತಿದ್ದರು. ವೈದ್ಯರಾಗಿದ್ದವರು ಬಿಷಪ್ ಆದದ್ದು, ಕ್ರೈಸ್ತರನ್ನು ಹಿಡಿದು ಕೊಲ್ಲುತ್ತಿದ್ದ ರಾಜನ ಕಡೆಯವರಿಗೆ ಹೆದರಿ ಗುಹೆ ಸೇರಿದಾಗ ಗಾಯಗೊಂಡ ಕಾಡುಪ್ರಾಣಿಗಳು ಮದ್ದಿಗೆಂದು ಬಂದು ಕೂತದ್ದು. ಸೆರೆಹಿಡಿದು ಎಳೆದೊಯ್ಯುವಾಗ ತಾಯಿಯೊಬ್ಬಳು ಗಂಟಲಿಗೆ ಮುಳ್ಳು ಸಿಕ್ಕಿದ ಮಗನನ್ನು ತಂದಳಂತೆ. ಅವರ ಪ್ರಾರ್ಥನೆಗೆ ಮಗು ಉಳಿಯಿತು. ಬಿಷಪ್ಪರ ತಲೆ ಕಡಿದರು.

"ಊರೋರ ಗಂಟ್ಲೆಲ್ಲಾ ಕಾಯ್ದೋನು ತನ್ ಕತ್ತು ಉಳಿಸ್ಕೊಳ್ನಿಲ್ವಾ?" ಅಜ್ಜಿಗೆ ಪ್ರತಿ ವರ್ಷವೂ ಇದೇ ಸಂಕಟ.

"ಇಲ್ಲ ಅಜ್ಜಿ. ನಾನೂ ನರ್ಸೇ ಅಲ್ವಾ, ನನ್ನ ಬೆನ್ನಿಗೆ ನಾನೇ ಇಂಜೆಕ್ಷನ್ ಚುಚ್ಕೊಳಕ್ಕಾಗುತ್ತಾ?"

ಅಜ್ಜಿ ಹೋಗಿ ವರ್ಷಗಳಾದವು. ಈಚೆಗೆ ಆಂಟಿಗೆ ಸ್ಟ್ರೋಕ್ ಆಯಿತು. ಅವರ ತಂಗಿ ಬಂದು ಜೊತೆಗಿದ್ದರು, ಸಂಜೆ ನಾನೂ ಮಹಡಿಗೆ ಹೋಗಿ ಕೂರುತ್ತಿದ್ದೆ. ಕೈಕಾಲು ಅಷ್ಟಿಷ್ಟು ಸುಧಾರಿಸಿತು, ಗಂಟಲು ಸುಧಾರಿಸಲಿಲ್ಲ. ನುಂಗಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಹನಿ ನೀರನ್ನೂ ಬಾಯಿಗೆ ಹಾಕಬೇಡಿ ಎಂದರು ಡಾಕ್ಟರು. ಊಟಕ್ಕೆ ಮೂಗಿನಲ್ಲಿ ಟ್ಯೂಬು. ಕತ್ತು ಸೊರಗಿ ಮಡಿಕೆ ಮಾಯವಾಯಿತು. ಶಿಲುಬೆ ಎದೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು.

"ಮಗಾ, ಒಂದೇ ಚಮಚ ಮೀನ್ ಸಾರು," ಎಂದು ತೊದಲುತ್ತಿದ್ದರು.

"ನೀವೇ ನರ್ಸು ಆಂಟಿ. ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ಕೊಡು."

ಕೊಡಲಿಲ್ಲ. ವಾಸನೆ ಮೇಲೆ ಹೋಗದಿರಲೆಂದು ನಮ್ಮ ಮನೆಯಲ್ಲಿ ಮೀನು ಮಾಡುವುದನ್ನೇ ಬಿಟ್ಟೆವು. ನನ್ನ ಕೈಯಲ್ಲಾದದ್ದು ಅಷ್ಟೇ.

ಫೆಬ್ರವರಿಯ ಹಬ್ಬದ ದಿನ ಅವರು ಕಪಾಟಿನ ಕಡೆ ನೋಡಿ ಸನ್ನೆ ಮಾಡಿದರು. ಬತ್ತಿ ತೆಗೆದು ಅವರ ಕತ್ತಿಗೆ ಹಿಡಿದೆ. ಅವರ ಪ್ರಾರ್ಥನೆ ನನಗೆ ಬರದು. ಬಾಯಿಗೆ ಬಂದದ್ದು ಅಜ್ಜಿಯ ಮಾತು: "ಬಿಸಪ್ಪಾ, ಗಂಟ್ಲು ಕಾಯಪ್ಪಾ." ಆಂಟಿ ಸದ್ದಿಲ್ಲದೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕುಡಿಯಲು ನೀರು ಬೇಕೆಂದು ಕೈ ತೋರಿಸಿದರು. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದೆ. ಅವರು ಅದನ್ನೇ ಚೀಪಲು ನೋಡಿದಾಗ ಹತ್ತಿಯನ್ನೂ ಕಿತ್ತುಕೊಳ್ಳಬೇಕಾಯಿತು. ಆ ವಾರವೇ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಅವರ ತಂಗಿ ಕೈಗೆ ಕಾಫಿ ಕೊಟ್ಟರು. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ, ಇಳಿಯಲಿಲ್ಲ. ಆಂಟಿಗೆ ಒಂದು ಹನಿ ನೀರು ಇಳಿಸಲಾರದೆ ಹೋದ ಬಿಸಪ್ಪನ ಮೇಲೆ ಕೆಟ್ಟ ಸಿಟ್ಟಿತ್ತು. ಆದರೂ ಅವನನ್ನೇ ಕರೆದೆ. ಗಂಟಲು ಕಟ್ಟಿದರೆ ಬೇರೆ ಯಾರನ್ನು ಕರೆಯಬೇಕೆಂದು ಆಂಟಿ ನನಗೆ ಹೇಳಿಕೊಟ್ಟಿರಲಿಲ್ಲ.